ಇದ್ದಿಲಿನ ದನಿ

ಚೆನ್ನಾಗಿ ಬೆಂದ ಇದ್ದಿಲಿನ ತುಂಡೊಂದನ್ನು ಕಲ್ಲುಚಪ್ಪಡಿಯ ಮೇಲೆ ಬೀಳಗೊಟ್ಟರೆ ಅದು ಲೋಹದ ಚೂರಿನಂತೆ ಕಿಣಿ ಎನ್ನುವುದು. ಅರೆಬೆಂದುದಾದರೋ ಹಸಿಮರದ ತುಂಡಿನಂತೆ ದೊಪ್ಪೆಂದು ಬಿದ್ದು ಮೂಕವಾಗುವುದು. ಈ ಭೇದವನ್ನರಿಯಲು ಓದಾಗಲಿ ಉಪಕರಣವಾಗಲಿ ಬೇಕಾಗಿಲ್ಲ, ಕಿವಿಯೊಂದಿದ್ದರೆ ಸಾಕು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಗಳ ಗುಡ್ಡದಂಚಿನ ಕುರುಚಲು ಕಾಡುಗಳಲ್ಲಿ ಜಾಲಿ, ಕಗ್ಗಲಿ, ದಿಂಡಿಗಗಳ ಕೊರಡನ್ನು ಗೋಪುರದಂತೆ ಒಟ್ಟಿ, ಮೇಲೆ ಸೊಪ್ಪು ಹೊದಿಸಿ, ಅದರ ಮೇಲೆ ಹಸಿಮಣ್ಣನ್ನು ಮೆತ್ತಿ, ಗಾಳಿಯನ್ನು ಆದಷ್ಟೂ ಹೊರಗಿಟ್ಟು, ಹಗಲಿರುಳೆನ್ನದೆ ಹೊಗೆಯ ಬಣ್ಣವನ್ನು ಕಾಯುತ್ತ ಕುಳಿತಿರುತ್ತಿದ್ದ ಇದ್ದಿಲು ಸುಡುವವರು, ಗೂಡು ಆರಿ ಮಣ್ಣು ಸರಿಸಿದ ಮೇಲೆ ತಮ್ಮ ದುಡಿಮೆ ಫಲಿಸಿತೋ ಇಲ್ಲವೋ ಎಂಬುದನ್ನು ತಿಳಿಯುತ್ತಿದ್ದುದು ಈ ದನಿಯಿಂದಲೇ. ಬಿಳಿಯ ದಟ್ಟ ಹೊಗೆ ತೆಳುವಾಗಿ ನೀಲಿಗೆ ತಿರುಗಿತೆಂದರೆ ಒಳಗಣ ಕೊರಡು ಬೆಂದಿತೆಂದು ಕಣ್ಣು ಹೇಳುತ್ತಿತ್ತು. ಆದರೆ ಕಣ್ಣಿನ ಮಾತನ್ನು ಅವರು ಪೂರ್ತಿಯಾಗಿ ನಂಬುತ್ತಿರಲಿಲ್ಲ. ಕೊನೆಯ ಸಾಕ್ಷಿ ಕಿವಿಯದು.

ಇದ್ದಿಲೆಂಬುದು ಬಹುಪಾಲು ಇಂಗಾಲವೇ. ಅದೇ ಇಂಗಾಲವನ್ನು ಇಂದು ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟು ತೆಳುವಾದ ಎಳೆಯಾಗಿಸಿ, ಬಟ್ಟೆಯಂತೆ ನೆಯ್ದು, ಮತ್ತೆ ಇಂಗಾಲದಲ್ಲಿಯೇ ಹುದುಗಿಸಿ ಗಟ್ಟಿಗೊಳಿಸಿ, ಸಾವಿರ, ಎರಡು ಸಾವಿರ ಡಿಗ್ರಿಗಳ ಉಷ್ಣದ ಕುಲುಮೆಯಲ್ಲಿಟ್ಟು, ಆ ಕೆಂಡದಂಥ ವಸ್ತುವಿನೊಳಗೆ ಧ್ವನಿತರಂಗವು ಯಾವ ವೇಗದಿಂದ ಓಡುತ್ತದೆಂಬುದನ್ನು ಅಳೆಯುವ ವಿದ್ಯೆಯೊಂದು ಪ್ರಯೋಗಶಾಲೆಗಳಲ್ಲಿ ಬೆಳೆದುಬಂದಿದೆ. ಚಿತ್ರದುರ್ಗದ ಸೀಮೆಯವನಾದ ನನಗೆ ಈ ವಿದ್ಯೆಯ ಸಮಾಚಾರವನ್ನು ಓದಿದಾಗಲೆಲ್ಲ ಅದು ಪರದೇಶದ ಸರಕೆಂದು ತೋರುವುದಿಲ್ಲ. ಅದರ ಪೂರ್ವಕಥೆ ನಮ್ಮ ಬಂಡೆ, ನಮ್ಮ ಕುಲುಮೆ, ನಮ್ಮ ಬಳೆಯ ಒಲೆ, ನಮ್ಮ ಸಂತೆಗಳಲ್ಲಿಯೇ ಇದೆ ಎಂದು ನಾನು ನಂಬಿದ್ದೇನೆ. ಆ ಹಳೆಯ ಕಸುಬುಗಳಿಗೂ ಈ ಹೊಸ ವಿದ್ಯೆಗೂ ಇರುವ ಅಂತರವಾದರೂ ಯಾವುದೆಂದರೆ, ವಸ್ತು ಬೆಂಕಿಯಲ್ಲಿರುವಷ್ಟು ಹೊತ್ತು ನಮ್ಮ ಹಿಂದಿನವರಲ್ಲಿ ಕಣ್ಣಿನ ಆಳ್ವಿಕೆ, ಆರಿದ ಮೇಲೆ ಕಿವಿಯ ಆಳ್ವಿಕೆ. ಬೆಂಕಿಯೊಳಗಿರುವಾಗಲೇ ಕಿವಿಗೊಡುವುದು ಅವರಿಗೆ ಅಸಾಧ್ಯವಾಗಿದ್ದಿತು.

ಮೊದಲು ಕಲ್ಲಿನಿಂದ ಆರಂಭಿಸೋಣ. ದುರ್ಗದ ಮಾತನ್ನು ಎತ್ತಿದವರು ಕಲ್ಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ತಿರುಗಾಡಿದವರು ಅಲ್ಲಲ್ಲಿ ಬಂಡೆಗಳ ಮೈಮೇಲೆ ಗೇಣುಗೇಣಿಗೊಂದರಂತೆ ಸಾಲಾಗಿ ಕೊರೆದ ಚಿಕ್ಕ ಕುಳಿಗಳನ್ನು ನೋಡಿರಬಹುದು. ಕುಳಿಗಳಲ್ಲಿ ಬೆಣೆಯನ್ನಿಟ್ಟು ಒಂದಾದ ಮೇಲೊಂದಕ್ಕೆ ಸಮವಾಗಿ ಪೆಟ್ಟು ಹಾಕುತ್ತ ಹೋದರೆ ಆನೆಗಾತ್ರದ ಬಂಡೆಯೂ ಗೆರೆ ಎಳೆದಂತೆ ಇಬ್ಭಾಗವಾಗುತ್ತದೆ. ಆದರೆ ಪೆಟ್ಟಿನ ಬಲವನ್ನು ನಿಶ್ಚಯಿಸುವುದು ತೋಳಲ್ಲ, ಕಿವಿ. ಮೊದಮೊದಲು ಸ್ಪಷ್ಟವಾಗಿ, ಉಚ್ಚಸ್ವರದಲ್ಲಿ ಮರುನುಡಿಯುವ ಬಂಡೆ ಒಳಗೆ ಸೀಳು ಹರಿಯತೊಡಗಿದ ಕೂಡಲೆ ತನ್ನ ಸ್ವರವನ್ನು ತಗ್ಗಿಸುತ್ತದೆ; ಆ ತಗ್ಗಿದ ಸ್ವರವನ್ನು ಕೇಳಿದ ಕಲ್ಲುಕುಟಿಗ ಸಮ್ಮಟಿಗೆಯನ್ನು ಕೆಳಗಿಟ್ಟು ಬಂಡೆಗೆ ತಾನಾಗಿ ಬಿರಿಯುವಷ್ಟು ಬಿಡುವು ಕೊಡುತ್ತಾನೆ. ಈ ಲೋಕಜ್ಞಾನಕ್ಕೆ ಶಾಸ್ತ್ರದ ಆಧಾರವೂ ಉಂಟು. ಶಿಲ್ಪಶಾಸ್ತ್ರದ ಗ್ರಂಥಗಳು ಶಿಲೆಯನ್ನು ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ಮೂರಾಗಿ ವಿಂಗಡಿಸಿ, ಗಂಟೆಯಂತೆ ಗಂಭೀರವಾಗಿ ನುಡಿವುದನ್ನು ಗಂಡೆಂದೂ, ಕಂಚಿನ ತಾಳದಂತೆ ನುಡಿವುದನ್ನು ಹೆಣ್ಣೆಂದೂ, ನಾದವಿಲ್ಲದುದನ್ನು ನಪುಂಸಕವೆಂದೂ ಗುರುತಿಸಿ, ಯಾವುದರಿಂದ ಮೂರ್ತಿ, ಯಾವುದರಿಂದ ಪೀಠ, ಯಾವುದರಿಂದ ಅಡಿಪಾಯ ಎಂದು ವಿಧಿಸಿದುವು. ಲಿಂಗಭೇದದ ಕಲ್ಪನೆಯನ್ನು ಬದಿಗಿಟ್ಟು ನೋಡಿದರೆ ಅಲ್ಲಿರುವುದು ಶುದ್ಧವಾದ ಭೌತಪರೀಕ್ಷೆ: ಒಳಗೆ ಬಿರುಕಿಲ್ಲದ, ಕಣಕಣವೂ ಕೂಡಿಕೊಂಡಿರುವ ಕಲ್ಲಿನಲ್ಲಿ ಧ್ವನಿ ವೇಗವಾಗಿ ಓಡಾಡಿ ಬಹುಕಾಲ ನಿಲ್ಲುತ್ತದೆ, ಒಳಗೆ ಶಿಥಿಲವಾದ ಕಲ್ಲಿನಲ್ಲಿ ಅದು ಸಂದುಸಂದುಗಳಲ್ಲಿ ಚದರಿ ನಂದಿಹೋಗುತ್ತದೆ. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರ ವರೆಗೆ ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವಾಣೀವಿಲಾಸ ಸಾಗರದ ಕಟ್ಟೆಯನ್ನು ಕಟ್ಟಿದಾಗಲೂ, ಗಾರೆಯಲ್ಲಿ ಕೂಡಿಸಿದ ಕಲ್ಲುಗಳನ್ನು ಗಣಿಯಿಂದ ಸೀಳಿ ತೆಗೆದದ್ದು ಇಂಥ ಕೈಗಳೂ ಇಂಥ ಕಿವಿಗಳೂ ಅಲ್ಲದೆ ಬೇರೆಯಲ್ಲ.

ಕಲ್ಲಿನ ಬಳಿಕ ಕಬ್ಬಿಣ. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿಯೂ ದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿಯೂ ಮಾರ್ಟಿಮರ್ ವ್ಹೀಲರ್ 1947ರಲ್ಲಿ ನಡೆಸಿದ ಉತ್ಖನನ ಪ್ರಸಿದ್ಧವಾಗಿದೆ; ಬ್ರಹ್ಮಗಿರಿಯ ಬೃಹತ್‌ಶಿಲಾ ಸಮಾಧಿಗಳಲ್ಲಿ ದೊರೆತ ಕಬ್ಬಿಣದ ಆಯುಧಗಳು ಈ ಸೀಮೆಯ ಜನರಿಗೆ ಅಶೋಕನ ಶಾಸನ ಬರುವ ಕಾಲಕ್ಕಾಗಲೇ ಕುಲುಮೆಯ ಪರಿಚಯವಿದ್ದುದನ್ನು ಸಾರುತ್ತವೆ. ಅದಿರಿಗೆ ಕೊರತೆಯಿರಲಿಲ್ಲ, ದುರ್ಗ, ಹೊಳಲ್ಕೆರೆ, ಹೊಸದುರ್ಗಗಳನ್ನು ಹಾಯ್ದುಹೋಗುವ ಗುಡ್ಡಸಾಲುಗಳ ಮಣ್ಣೇ ಕೆಂಪು. ಹೊಸದುರ್ಗದ ಸೀಮೆಯಲ್ಲಿ ದೊಡ್ಡಕಿಟ್ಟದಹಳ್ಳಿ ಎಂಬ ಊರುಂಟು. ಆ ಹೆಸರನ್ನು ಉಚ್ಚರಿಸಿದಾಗಲೆಲ್ಲ ನನಗೆ ಅದರೊಳಗೆ ಕಿಟ್ಟವೆಂಬ ಶಬ್ದವೇ ಎದ್ದು ಕೇಳುತ್ತದೆ. ಅದಿರು ಕರಗಿದಾಗ ಕಬ್ಬಿಣದಿಂದ ಬೇರಾಗಿ ಹರಿದು ಗಡ್ಡೆಗಟ್ಟುವ ಕರಿಯ ಕಸವೇ ಕಿಟ್ಟ. ಊರಿನ ಹೆಸರಿನಲ್ಲಿ ಕುಲುಮೆಯ ಬೂದಿ ಉಳಿದುಕೊಂಡಿದೆಯೆಂದು ಊಹಿಸುವುದರಲ್ಲಿ ನನಗೆ ಸಂತೋಷವಿದೆ.

ಆ ಕಾಲದ ಕುಲುಮೆಯ ಕ್ರಮ ಸರಳವಾದುದು: ಆಳೆತ್ತರದ ಮಣ್ಣಿನ ಗೂಡು, ಕೆಳಗೆ ತಿದಿಯ ಕೊಳವೆ, ಮೇಲಿನಿಂದ ಸರದಿಯಂತೆ ಅದಿರು ಮತ್ತು ಇದ್ದಿಲು. ಇಲ್ಲಿ ಇದ್ದಿಲು ಬರಿಯ ಉರುವಲಲ್ಲವೆಂಬುದನ್ನು ನಾವು ಮರೆಯಬಾರದು. ಅದು ಅದಿರಿನ ಆಮ್ಲಜನಕವನ್ನು ಎಳೆದುಕೊಂಡು ಲೋಹವನ್ನು ಬಿಡಿಸುತ್ತದೆ. ಬಿಡಿಸಿದ ಲೋಹದೊಳಗೆ ತಾನೂ ಕೊಂಚ ಹೊಕ್ಕರೆ ಕಬ್ಬಿಣವನ್ನು ಉಕ್ಕನ್ನಾಗಿಸುತ್ತದೆ. ಮೈಸೂರು ಸೀಮೆಯಲ್ಲಿ ಮೆದುಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಾಸುಗಟ್ಟಲೆ ಊದಿ ಉಕ್ಕು ಮಾಡುತ್ತಿದ್ದರು. ಮುಚ್ಚಿದ ಮೂಸೆಯೊಳಗೆ ಆ ಕಡ್ಡಿ ಗಾಳಿಯಿಲ್ಲದೆ ಬೆಂದು ಇಂಗಾಲವಾಗುತ್ತಿತ್ತು, ಆ ಇಂಗಾಲ ಕಬ್ಬಿಣದಲ್ಲಿ ಲೀನವಾಗುತ್ತಿತ್ತು. ಯುರೋಪಿನ ವಿದ್ವಾಂಸರು ಬಾಯ್ಮಾತಿನಲ್ಲಿ ಕೇಳಿಕೊಂಡು ವೂಟ್ಜ್ ಎಂದು ಬರೆದುದು ನಮ್ಮ ಉಕ್ಕನ್ನೇ ಎಂಬುದನ್ನು ಈಗ ಬಹುಮಟ್ಟಿಗೆ ಒಪ್ಪಿದ್ದಾರೆ. ಮೂಸೆಯ ಒಳಗೆ ಏನು ನಡೆಯುತ್ತಿದೆಯೆಂಬುದನ್ನು ಕಮ್ಮಾರನು ಕುಲುಮೆಯ ಕೆಂಪು ಹಳದಿಗೆ ತಿರುಗುವುದನ್ನು ನೋಡಿ ಊಹಿಸುತ್ತಿದ್ದನೇ ಹೊರತು, ಅಡಿಗಲ್ಲಿನ ಮೇಲಿಟ್ಟು ಬಡಿದಾಗ ಆ ಗಟ್ಟಿ ಕೊಡುವ ದನಿಯನ್ನು ಕೇಳುವ ತನಕ ಅವನಿಗೆ ನಿಶ್ಚಯವಿರಲಿಲ್ಲ. ಕೋಟೆಯೊಳಗೆ ಇಂದಿಗೂ ನೋಡಸಿಗುವ, ಮದ್ದು ಅರೆಯುತ್ತಿದ್ದ ಬೃಹತ್ತಾದ ಬೀಸುಕಲ್ಲುಗಳು ಅರೆದುದೂ ಇದೇ ಇದ್ದಿಲನ್ನು, ಗಂಧಕ ಮತ್ತು ಪೆಟ್ಲುಪ್ಪುಗಳೊಡನೆ. 1779ರಲ್ಲಿ ಮದಕರಿನಾಯಕನ ದುರ್ಗವು ಹೈದರನ ಕೈವಶವಾಗುವ ತನಕ ಈ ಬೆಟ್ಟದ ರಕ್ಷಣೆಯಲ್ಲಿ ಇಂಗಾಲಕ್ಕೂ ಪಾಲಿದ್ದಿತು.

ಇನ್ನು ಬಳೆಯ ಮಾತು. ಹೊಸದುರ್ಗದ ಮತ್ತೋಡು ಈಗ ಹೆಚ್ಚು ಜನಕ್ಕೆ ಗೊತ್ತಿಲ್ಲದ ಊರು. ಒಂದು ಕಾಲದಲ್ಲಿ ಅದು ಗಾಜಿನ ಬಳೆಗೆ ಹೆಸರಾಗಿದ್ದಿತು. ಶ್ರೀರಂಗಪಟ್ಟಣದ ಪತನಾನಂತರ ವೆಲ್ಲೆಸ್ಲಿಯ ಆದೇಶದ ಮೇರೆಗೆ 1800-1801ರಲ್ಲಿ ಈ ದೇಶವನ್ನೆಲ್ಲ ಸುತ್ತಿ, ಊರೂರಿನ ಬೆಳೆ, ಕಸುಬು, ಜಾತಿ, ತೂಕ, ಅಳತೆಗಳನ್ನು ಬರೆದುಕೊಂಡು ಹೋದ ಫ್ರಾನ್ಸಿಸ್ ಬುಕನನ್ ಮತ್ತೋಡಿಗೂ ಬಂದು ಗಾಜಿನ ಒಲೆಗಳನ್ನು ಕಂಡನು. ಅವನ ಪ್ರವಾಸಕಥನ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಚೌಳುಮಣ್ಣಿನ ಕ್ಷಾರವನ್ನೂ ಬೆಣಚುಕಲ್ಲಿನ ಪುಡಿಯನ್ನೂ ಕೂಡಿಸಿ ಕರಗಿಸಿ, ಬಣ್ಣಕ್ಕೆ ಬೇರೆ ಬೇರೆ ಲೋಹದ ಭಸ್ಮಗಳನ್ನು ಬೆರಸಿ, ಮೆದುವಾದ ಗಾಜನ್ನು ಸರಳಿನ ತುದಿಯಲ್ಲಿ ತಿರುಗಿಸುತ್ತ ಹಿಗ್ಗಿಸುತ್ತ ಬಳೆಯಾಗಿಸುವ ಆ ಕ್ಷಣದಲ್ಲಿ ಕುಶಲಿಯ ಕಣ್ಣು ರೆಪ್ಪೆ ಮುಚ್ಚುವಂತಿರಲಿಲ್ಲ: ಗಾಜಿನ ಹೊಳಪು ಕುಂದಿತೆಂದರೆ ಅದು ಬಿರುಸಾಯಿತು, ಮತ್ತೆ ಉರಿಗೆ ಹಿಡಿಯಬೇಕು. ಅಷ್ಟಾಗಿಯೂ ಬಳೆಯೊಳಗೆ ಕೂದಲೆಳೆಯಂಥ ಬಿರುಕು ಉಳಿದುದಾದರೆ ಒಲೆಯ ಮುಂದಿನ ಕಣ್ಣಿಗೆ ಅದು ಸಿಗುತ್ತಿರಲಿಲ್ಲ. ಮನೆಯ ಜಗುಲಿಯ ಮೇಲೆ ಮಲಾರವನ್ನು ಬಿಚ್ಚಿದ ಬಳೆಗಾರ ಡಜನನ್ನು ಬೆರಳಿಗೆ ಪೋಣಿಸಿ ಒಮ್ಮೆ ಅಲುಗಿಸುವಾಗ, ಹನ್ನೊಂದರ ಝಣತ್ಕಾರದ ನಡುವೆ ಹನ್ನೆರಡನೆಯದರ ಒಡಕು ದನಿ ತಾನೇ ತನ್ನನ್ನು ಹೇಳಿಕೊಳ್ಳುತ್ತಿತ್ತು.

ನನ್ನ ಅಜ್ಜಿ ಹೊಸದುರ್ಗದ ಸಂತೆಯಲ್ಲಿ ಗಡಿಗೆ ಕೊಳ್ಳುವ ಸಡಗರ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂಗೈಯ ಮೇಲೆ ಗಡಿಗೆಯ ತಳವನ್ನು ಹಗುರವಾಗಿ ಹೊತ್ತು, ಬಲಗೈಯ ನಡುಬೆರಳ ಗಿಣ್ಣಿನಿಂದ ಬಸಿರಿನ ಮೇಲೆ ಮೂರು ಕಡೆ ತಟ್ಟಿ, ತಲೆಯನ್ನು ಒಂದಿಷ್ಟು ಓರೆಮಾಡಿ ಕೇಳುತ್ತಿದ್ದಳು. ‘ಅವ್ವಾ, ಆವಿಗೆಯಿಂದ ನಿನ್ನೆಯಷ್ಟೇ ಇಳಿಸಿದ್ದು’ ಎಂದು ಕುಂಬಾರ ಎಷ್ಟು ಹೇಳಿದರೂ ಅವಳು, ‘ನೀನು ಹೇಳೋದು ಇರಲಿ ಕಣಪ್ಪ, ಅದು ಏನು ಹೇಳ್ತದೆ ಕೇಳೋಣ’ ಎಂದು ಮತ್ತೊಂದನ್ನು ಎತ್ತಿಕೊಳ್ಳುತ್ತಿದ್ದಳು. ಗಡಿಗೆಯ ಗೋಡೆಯಲ್ಲಿ ದನಿ ಎಷ್ಟು ವೇಗವಾಗಿ ಓಡಿತೆಂಬುದೇ ಅವಳ ಪ್ರಶ್ನೆಯಾಗಿತ್ತು. ಅದಕ್ಕೆ ಅವಳು ಸಂಖ್ಯೆಯನ್ನು ಕೊಡುತ್ತಿರಲಿಲ್ಲ, ಅಷ್ಟೆ.

ಸಂಖ್ಯೆ ಬಂದುದು ಬೇರೆ ಕಡೆಯಿಂದ. ನಮ್ಮ ಕುಲುಮೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೊಂದಾಗಿ ಆರುತ್ತಿದ್ದಾಗ, ಹಡಗಿನಲ್ಲಿ ಬಂದಿಳಿಯುತ್ತಿದ್ದ ಅಗ್ಗದ ಕಬ್ಬಿಣ ಒಂದು ಕಡೆ, ಇದ್ದಿಲಿಗೆ ಮರ ಕಡಿಯಗೊಡದ ಅರಣ್ಯದ ಕಟ್ಟಳೆ ಇನ್ನೊಂದು ಕಡೆ ಅವುಗಳ ಉಸಿರು ಕಟ್ಟುತ್ತಿದ್ದಾಗ, ಪ್ಯಾರಿಸಿನಲ್ಲಿ ಜ್ಯಾನ್ ಬತಿಸ್ತ್ ಬಿಯೊ ಎಂಬ ವಿಜ್ಞಾನಿ ಘನವಸ್ತುವಿನಲ್ಲಿ ಧ್ವನಿಯ ವೇಗವನ್ನು ಅಳೆದಾಗಿದ್ದಿತು. ಹೊಸದಾಗಿ ಹಾಸಿದ ಸುಮಾರು 950 ಮೀಟರ್ ಉದ್ದದ ನೀರಿನ ಕಬ್ಬಿಣದ ಕೊಳವೆಯ ಒಂದು ತುದಿಯಲ್ಲಿ ಗಂಟೆ ಬಾರಿಸಿದರೆ ಇನ್ನೊಂದು ತುದಿಯಲ್ಲಿ ಎರಡು ಸಲ ಕೇಳುತ್ತಿತ್ತು: ಕಬ್ಬಿಣದೊಳಗಿನಿಂದ ಬಂದುದು ಮೊದಲು, ಕೊಳವೆಯ ಗಾಳಿಯಲ್ಲಿ ಬಂದುದು ಸುಮಾರು ಎರಡೂವರೆ ಸೆಕೆಂಡುಗಳ ಬಳಿಕ. 1808ರ ಈ ಪ್ರಯೋಗದಲ್ಲಿ ದೊರೆತ ವೇಗ ಕೊಳವೆಯ ಬೆಸುಗೆಗಳ ದೆಸೆಯಿಂದ ನಿಜಕ್ಕಿಂತ ಕಡಮೆಯಾಗಿತ್ತಾದರೂ, ಲೋಹದಲ್ಲಿ ಧ್ವನಿ ಗಾಳಿಗಿಂತ ಎಷ್ಟೋ ಪಾಲು ತ್ವರಿತವಾಗಿ ಹರಿಯುವುದೆಂಬ ಸಂಗತಿ ನಿಸ್ಸಂದೇಹವಾಯಿತು. ಸಾಮಾನ್ಯ ಉಷ್ಣದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುವ ಧ್ವನಿ ನೀರಿನಲ್ಲಿ ಸುಮಾರು 1,480, ಉಕ್ಕಿನಲ್ಲಿ 5,900 ಮೀಟರ್ ಓಡುತ್ತದೆ. ಇದರ ಕಾರಣವೂ ಗೂಢವಲ್ಲ. ವಸ್ತುವಿನ ಬಿಗಿತ, ಎಂದರೆ ಎಳೆದರೆ ಹಿಂದಕ್ಕೆ ಸೆಳೆಯುವ ಅದರ ಸ್ಥಿತಿಸ್ಥಾಪಕ ಗುಣ, ಹೆಚ್ಚಿದಷ್ಟೂ ವೇಗ ಹೆಚ್ಚು. ಸಾಂದ್ರತೆ ಹೆಚ್ಚಿದಷ್ಟೂ ಕಡಮೆ. ಬಿಗಿತವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲವನ್ನು ತೆಗೆದರೆ ವೇಗ ದೊರೆಯುತ್ತದೆ. ಆದುದರಿಂದಲೇ ವೇಗವನ್ನು ಅಳೆದವನು ವಸ್ತುವನ್ನು ಮುರಿಯದೆ, ಕೊಯ್ಯದೆ ಅದರ ಬಿಗಿತವನ್ನು ಅರಿತವನಾಗುತ್ತಾನೆ.

ನಮ್ಮ ನಾಡೂ ಈ ವಿದ್ಯೆಯಿಂದ ಬಹುಕಾಲ ದೂರವುಳಿಯಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರೂ ಅವರ ಶಿಷ್ಯ ಎನ್. ಎಸ್. ನಾಗೇಂದ್ರನಾಥರೂ 1935-36ರಲ್ಲಿ ಪ್ರಕಟಿಸಿದ ಲೇಖನಮಾಲೆ ಕಿವಿಗೆ ಎಟುಕದ ಧ್ವನಿಯನ್ನು ಬೆಳಕಿನಿಂದ ಓದುವ ಕ್ರಮವನ್ನು ವಿವರಿಸಿತು. ದ್ರವದೊಳಗೆ ಸೂಕ್ಷ್ಮಧ್ವನಿಯ ಅಲೆಗಳು ಸಾಗುವಾಗ ಅಲ್ಲಿ ದಟ್ಟ-ವಿರಳಗಳ ಪಟ್ಟಿಗಳೇಳುತ್ತವೆ. ಅವುಗಳನ್ನು ಹಾಯುವ ಬೆಳಕು ಹಲವು ಗೆರೆಗಳಾಗಿ ಒಡೆಯುತ್ತದೆ. ಗೆರೆಗಳ ಅಂತರದಿಂದ ಅಲೆಯ ಉದ್ದ, ಅದರಿಂದ ವೇಗ. ವಾಲ್ಟೇರಿನಲ್ಲಿ ಸ್ಫಟಿಕಗಳ ಸ್ಥಿತಿಸ್ಥಾಪಕ ಗುಣಗಳನ್ನು ಸೂಕ್ಷ್ಮಧ್ವನಿಯಿಂದ ನಿರ್ಣಯಿಸಿದ ಎಸ್. ಭಗವಂತಂ ಮುಂದೆ 1957ರಲ್ಲಿ ಅದೇ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಕಬ್ಬಿಣದ ಕಸುಬೂ ಅಷ್ಟರಲ್ಲಿ ರೂಪಾಂತರ ಹೊಂದಿ ನಮ್ಮ ಪಕ್ಕದ ಭದ್ರಾವತಿಯಲ್ಲಿ ತಲೆಯೆತ್ತಿದ್ದಿತು. 1923ರಲ್ಲಿ ಉರಿಹೊತ್ತಿಸಿದ ಅಲ್ಲಿಯ ಊದುಕುಲುಮೆಯೂ ಮಲೆನಾಡಿನ ಮರದ ಇದ್ದಿಲಿನಿಂದಲೇ ನಡೆದುದು ನನ್ನ ಕಥೆಗೆ ಅನುಕೂಲವಾದ ಸಂಗತಿ.

ಇಂಗಾಲದ ಹೊಸ ಅವತಾರಕ್ಕೆ ಈಗ ಬರೋಣ. ವಿಮಾನಗಳ ರೆಕ್ಕೆಗೆ ಬಳಸುವ ಕಾರ್ಬನ್ ಕಾಂಪೋಸಿಟ್ ಎಂಬುದು ಇಂಗಾಲದ ಎಳೆಗಳನ್ನು ರಾಳದಲ್ಲಿ ಹುದುಗಿಸಿ ಪದರಪದರವಾಗಿ ಒತ್ತಿ ಬೇಯಿಸಿದ ವಸ್ತು. ಮಣ್ಣಿನ ಗೋಡೆಗೆ ಹುಲ್ಲು ಕಲಸುವ ನಮ್ಮ ಪದ್ಧತಿಯ ತತ್ತ್ವವೇ ಅಲ್ಲಿಯೂ ಇರುವುದು. ಆದರೆ ರಾಳ ಉಷ್ಣವನ್ನು ತಾಳದು. ರಾಕೆಟ್ಟಿನ ಬಾಯಿ, ವಾಯುಮಂಡಲಕ್ಕೆ ಮರಳುವ ನೌಕೆಯ ಮೂಗು ಮುಂತಾದ ಕಡೆಗೆ ರಾಳವನ್ನೂ ಇಂಗಾಲವಾಗಿಸಿದ ವಸ್ತುವೇ ಆಗಬೇಕು. ಅದರ ತಯಾರಿಕೆಯನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ, ಏಕೆಂದರೆ ಅದು ಇದ್ದಿಲ ಗೂಡಿನ ವರ್ಣನೆಯೇ ಆಗಿತ್ತು: ಎಳೆಯ ಬಟ್ಟೆಗೆ ರಾಳವನ್ನು ಹೀರಿಸಿ, ಗಾಳಿಯನ್ನು ಪೂರ್ಣವಾಗಿ ಹೊರಗಿಟ್ಟ ಕುಲುಮೆಯಲ್ಲಿ ಸುಮಾರು 1,000 ಡಿಗ್ರಿ ಸೆಂಟಿಗ್ರೇಡಿನ ತನಕ ನಿಧಾನವಾಗಿ ಕಾಯಿಸಿದರೆ ರಾಳದ ಆವಿಯೆಲ್ಲ ಹೊರಟುಹೋಗಿ ಇಂಗಾಲ ಮಾತ್ರ ಉಳಿಯುತ್ತದೆ. ಆವಿ ಹೊರಟ ಜಾಗದಲ್ಲಿ ರಂಧ್ರಗಳು ಉಳಿಯುತ್ತವೆ. ಅವನ್ನು ತುಂಬಲು ಮತ್ತೆ ರಾಳ, ಮತ್ತೆ ಕುಲುಮೆ. ಹೀಗೆ ಹಲವು ಆವೃತ್ತಿ, ವಾರಗಳು, ಒಮ್ಮೊಮ್ಮೆ ತಿಂಗಳುಗಳು. ಅಮೆರಿಕದ ಚಾನ್ಸ್ ವಾಟ್ ಎಂಬ ವಿಮಾನ ಸಂಸ್ಥೆಯಲ್ಲಿ 1958ರಲ್ಲಿ ಪ್ರಯೋಗವೊಂದು ಅಳತೆ ಮೀರಿ ಕಾದುಹೋದುದರಿಂದ ಆಕಸ್ಮಿಕವಾಗಿ ಇದು ಪ್ರಕಟವಾಯಿತೆಂದು ಹೇಳುತ್ತಾರೆ. ನಮ್ಮ ದೇಶದಲ್ಲಿ ಇಂಗಾಲದ ಎಳೆಯನ್ನೂ ಅದರ ಕಾಂಪೋಸಿಟ್‌ಗಳನ್ನೂ ಸಾಧಿಸಿದವರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಅಗ್ರಗಣ್ಯವಾದುದು; 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಮೊದಲು ಏರಿದ ತೇಜಸ್ ವಿಮಾನದ ರೆಕ್ಕೆಗಳು ಕಾರ್ಬನ್ ಕಾಂಪೋಸಿಟ್‌ನವು. ಇನ್ನು ಇಸ್ರೋ ಸಂಸ್ಥೆಯು ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತಕ್ಕಾಗಿ ಇಂಗಾಲದಲ್ಲಿ ಇಂಗಾಲವನ್ನು ಹುದುಗಿಸಿದ ಕೊಳವೆಬಾಯಿಯನ್ನು ನಿರ್ಮಿಸಿ, 2024ರ ಏಪ್ರಿಲ್ 2ರಂದು 200 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಿತು. ಅದರ ಉಷ್ಣ 1,216 ಕೆಲ್ವಿನ್, ಎಂದರೆ ಸುಮಾರು 943 ಡಿಗ್ರಿ ಸೆಂಟಿಗ್ರೇಡ್, ಮುಟ್ಟಿತು. ಮೊದಲಿದ್ದ ಲೋಹದ ಬಾಯಿಗಿಂತ ಇದರ ತೂಕ ಮೂರರಲ್ಲಿ ಎರಡು ಪಾಲು ಕಡಮೆ.

ಇಂಥ ವಸ್ತುವಿನಲ್ಲಿ ಧ್ವನಿಯ ವೇಗವನ್ನು ಅಳೆಯುವುದು ತಣ್ಣಗಿರುವಾಗಲೇ ಸುಲಭವಲ್ಲ. ಕಬ್ಬಿಣದ ಗಟ್ಟಿ ಯಾವ ಕಡೆಯಿಂದ ತಟ್ಟಿದರೂ ಒಂದೇ ಬಗೆಯಾಗಿ ಉತ್ತರ ಕೊಡುವುದು. ಎಳೆಗಳ ಹೆಣಿಗೆ ಹಾಗಲ್ಲ. ರಾಳದ ಕಾಂಪೋಸಿಟ್‌ನಲ್ಲಿ ಎಳೆಯ ಗುಂಟ ಸೆಕೆಂಡಿಗೆ ಒಂಬತ್ತು ಹತ್ತು ಕಿಲೋಮೀಟರ್ ಓಡುವ ಧ್ವನಿ ಎಳೆಗೆ ಅಡ್ಡಲಾಗಿ ಮೂರು ಕಿಲೋಮೀಟರನ್ನೂ ದಾಟಲು ಕಷ್ಟಪಡುತ್ತದೆ. ಓರೆಯಾಗಿ ಕಳಿಸಿದರೆ ಅಲೆ ಹೊರಟ ದಿಕ್ಕೊಂದು, ಅದರ ಶಕ್ತಿ ಹರಿವ ದಿಕ್ಕೊಂದು. ನೇಗಿಲ ಸಾಲಿನ ಗುಂಟ ನಡೆಯುವುದಕ್ಕೂ ಸಾಲುಗಳನ್ನು ದಾಟುತ್ತ ನಡೆಯುವುದಕ್ಕೂ ಇರುವ ಭೇದವನ್ನು ಹಿರಿಯೂರಿನ ಎರೆಹೊಲದಲ್ಲಿ ಮಳೆಗಾಲದಲ್ಲಿ ನಡೆದವರು ಬಲ್ಲರು. ಜೊತೆಗೆ ಕಾಲದ ಸೂಕ್ಷ್ಮತೆ: ಬೆರಳಗಲದ, ಎಂದರೆ 10 ಮಿಲಿಮೀಟರ್ ದಪ್ಪದ ಹಲಗೆಯನ್ನು ಅಡ್ಡಲಾಗಿ ದಾಟಲು ಧ್ವನಿಗೆ ಬೇಕಾಗುವುದು ಸೆಕೆಂಡಿನ ಹತ್ತು ಲಕ್ಷದ ಮೂರು ನಾಲ್ಕು ಪಾಲು ಮಾತ್ರ.

ಬೆಂಕಿಯಲ್ಲಂತೂ ಕಷ್ಟಗಳು ಒಂದರ ಬೆನ್ನಿಗೊಂದು ಬರುತ್ತವೆ. ಧ್ವನಿಯನ್ನು ಹುಟ್ಟಿಸುವ ಮತ್ತು ಕೇಳುವ ಸಾಧನ ಒಂದು ವಿದ್ಯುತ್‌ಸ್ಫಟಿಕದ ಬಿಲ್ಲೆ. ವಾಡಿಕೆಯಲ್ಲಿರುವ ಬಿಲ್ಲೆ 350 ಡಿಗ್ರಿಯ ಆಸುಪಾಸಿನಲ್ಲಿ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಬಿಲ್ಲೆಗೂ ವಸ್ತುವಿಗೂ ನಡುವೆ ಗಾಳಿ ಉಳಿಯದಂತೆ ಸವರುವ ನೀರು, ಎಣ್ಣೆ, ಲೇಪಗಳು ಆವಿಯಾಗಿಯೋ ಸುಟ್ಟೋ ಹೋಗುತ್ತವೆ. ಗಾಳಿ ತಾಗಿದರೆ ಇಂಗಾಲವೇ 400, 500 ಡಿಗ್ರಿಗಳಿಂದಾಚೆಗೆ ಉರಿಯತೊಡಗುವುದರಿಂದ ಕುಲುಮೆಯೊಳಗೆ ಆರ್ಗಾನಿನಂಥ ಜಡವಾಯುವನ್ನೇ ತುಂಬಬೇಕು. ವಸ್ತುವಿನ ಒಂದು ತುದಿ ಬಿಸಿ, ಇನ್ನೊಂದು ತಂಪಾದರೆ ಅಳೆದ ವೇಗ ಯಾವ ಉಷ್ಣದ್ದೆಂದು ಹೇಳುವುದು? ಇವಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಹಳೆಯದು ಉದ್ದವಾದ ಸರಳಿನದು. ಕರಗಿಸಿದ ಸಿಲಿಕದ ಸರಳಿನ ಒಂದು ತುದಿ ಕುಲುಮೆಯೊಳಗಿನ ವಸ್ತುವಿಗೆ ಒತ್ತಿರುತ್ತದೆ. ಇನ್ನೊಂದು ತುದಿ ಹೊರಗೆ, ನೀರಿನಿಂದ ತಂಪಾಗಿಸಿದ ಬಿಲ್ಲೆಯೊಡನೆ. ಕಮ್ಮಾರ ಕೆಂಡವನ್ನು ಮುಟ್ಟಲು ಇಕ್ಕುಳ ಹಿಡಿದಂತೆ ಇಲ್ಲಿ ಕಿವಿಗೊಂದು ಇಕ್ಕುಳ. ಸರಳಿನೊಳಗೇ ಪ್ರತಿಧ್ವನಿಗಳೆದ್ದು ಬೇಕಾದ ದನಿಯನ್ನು ಮುಚ್ಚುವುದು ಇದರ ದೋಷ. ಇನ್ನೊಂದು ಉಪಾಯ ಮುಟ್ಟುವುದನ್ನೇ ಬಿಟ್ಟಿದೆ. ಲೇಸರಿನ ಕ್ಷಣಾರ್ಧದ ಮಿಂಚೊಂದು ವಸ್ತುವಿನ ಮೈಯನ್ನು ಒಂದು ಚುಕ್ಕೆಯಷ್ಟು ಥಟ್ಟನೆ ಬಿಸಿಮಾಡಿದರೆ ಆ ಚುಕ್ಕೆ ಹಿಗ್ಗಿ ಧ್ವನಿಯನ್ನು ಎಬ್ಬಿಸುತ್ತದೆ. ಎದುರು ಮೈಯಲ್ಲಿ ಆ ಧ್ವನಿ ತಲಪಿದಾಗಿನ ನಡುಕವನ್ನು, ಅದು ಅಣುಗಾತ್ರದ ನಡುಕವಾದರೂ, ಇನ್ನೊಂದು ಲೇಸರು ಬೆಳಕಿನ ಅಲೆಗಳ ಪರಸ್ಪರ ಪ್ರಭಾವದಿಂದ ಓದುತ್ತದೆ. ವಸ್ತುವೇ ಹೊಳೆಯುತ್ತಿರುವಾಗ ಅದರ ಸ್ವಂತ ಬೆಳಕಿನ ಜಂಗುಳಿಯಲ್ಲಿ ಲೇಸರಿನ ಒಂದೇ ಬಣ್ಣವನ್ನು ಶೋಧಿಸಿಕೊಳ್ಳಬೇಕು. ರಾಮನ್ ಮತ್ತು ನಾಗೇಂದ್ರನಾಥರು ತಣ್ಣನೆಯ ದ್ರವದಲ್ಲಿ ಬೆಳಕಿನಿಂದ ಧ್ವನಿಯನ್ನು ಓದಿದ ದಾರಿ ಹೀಗೆ ಉರಿಯ ನಡುವಿಗೂ ತಲಪಿತೆಂದರೆ ನನಗೆ ಉತ್ಪ್ರೇಕ್ಷೆಯೆನಿಸುವುದಿಲ್ಲ.

ಇಷ್ಟು ಶ್ರಮದಿಂದ ಕೇಳಿದ ಮೇಲೆ ದೊರೆಯುವ ಉತ್ತರ ಬೆರಗು ಹುಟ್ಟಿಸುವಂಥದು. ಲೋಹವು ಕಾದಷ್ಟೂ ಮೆದುವಾಗುತ್ತದೆ, ಅದರೊಳಗೆ ಧ್ವನಿ ನಿಧಾನವಾಗುತ್ತದೆ; ಕಮ್ಮಾರನ ಕಸುಬೇ ಆ ಸತ್ಯದ ಮೇಲೆ ನಿಂತಿದೆ. ರಾಳದ ಕಾಂಪೋಸಿಟ್‌ನಲ್ಲಿ ರಾಳ ಗಾಜಿನ ಸ್ಥಿತಿಯನ್ನು ಬಿಟ್ಟು ಮೆತ್ತಗಾಗುವ ಉಷ್ಣದ ಬಳಿ ವೇಗ ಥಟ್ಟನೆ ಕುಸಿದು ದನಿ ನಂದಿಹೋಗುತ್ತದೆ. ಆದರೆ ಗ್ರಾಫೈಟು ಮತ್ತು ಅದರ ಬಳಗದ ಇಂಗಾಲ ಇದಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತದೆ: ಜಡವಾಯುವಿನಲ್ಲಿ ಸುಮಾರು 2,000 ಡಿಗ್ರಿಯ ತನಕವೂ ಕಾದಂತೆ ಕಾದಂತೆ ಅದು ಬಿಗಿಯಾಗುತ್ತದೆ. ಕುಲುಮೆಯಲ್ಲಿ ಬೆಂದು ತಣಿಯುವಾಗ ಅದರೊಳಗೆ ಅಸಂಖ್ಯ ಸೂಕ್ಷ್ಮ ಬಿರುಕುಗಳು ತೆರೆದುಕೊಂಡಿರುತ್ತವೆ. ಮತ್ತೆ ಕಾಯಿಸಿದಾಗ ಅದರ ಕಣಗಳು ಹಿಗ್ಗಿ ಆ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಧ್ವನಿಗೆ ಕಡಿದುಹೋಗಿದ್ದ ಹಾದಿ ಮತ್ತೆ ಕೂಡುತ್ತದೆ. ಎಂದರೆ, ಇಂಗಾಲದ ನಿಜವಾದ ದನಿ ಅದು ಬೆಂಕಿಯಲ್ಲಿರುವಾಗಲೇ ಕೇಳತಕ್ಕದ್ದು. ಆರಿದ ಮೇಲೆ ಕೇಳಿ ತೀರ್ಪು ಕೊಟ್ಟ ನಮ್ಮ ಇದ್ದಿಲಿನವರಾಗಲಿ, ಬಳೆಯವರಾಗಲಿ, ಅಜ್ಜಿಯಾಗಲಿ ತಪ್ಪಿದವರಲ್ಲ. ಅವರ ವಸ್ತುಗಳು ಬಳಕೆಗೆ ಬರುತ್ತಿದ್ದುದು ಆರಿದ ಮೇಲೆಯೇ. ಉರಿಯಲ್ಲಿಯೇ ದುಡಿಯಬೇಕಾದ ವಸ್ತುವಿಗೆ ಮಾತ್ರ ಆ ಪರೀಕ್ಷೆ ಸಾಲದು. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಮತ್ತು ಅವಳ ಆರು ಜನ ಸಂಗಡಿಗರನ್ನು ಹೊತ್ತ ಕೊಲಂಬಿಯಾ ನೌಕೆ ಮರಳುವಾಗ ಒಡೆದುಹೋದುದು ಎಡರೆಕ್ಕೆಯ ಅಂಚಿನ ಇಂಗಾಲದ ಫಲಕವೊಂದರಲ್ಲಿ, ಏರುವಾಗ ಬಡಿದ ನೊರೆಯ ತುಂಡಿನಿಂದ ಆದ ರಂಧ್ರದ ದೆಸೆಯಿಂದ. ಆ ಅಂಚು ತಾಳಬೇಕಾಗಿದ್ದ ಉಷ್ಣ 1,600 ಡಿಗ್ರಿಯ ಹತ್ತಿರದ್ದು. ಫಲಕದ ಒಳಗನ್ನು ಅರಿಯುವ ವಿದ್ಯೆಗಾಗಿ ಲೋಕ ಪಟ್ಟ ಪಾಡನ್ನು ನೆನೆದಾಗ ಆ ಏಳು ಮುಖಗಳು ನನ್ನ ಕಣ್ಣ ಮುಂದೆ ಬರುತ್ತವೆ.

ಇಂಗಾಲ ಈಗ ದುರ್ಗದ ಸೀಮೆಗೆ ಮರಳಿ ಬಂದಿದೆ. ಚಳ್ಳಕೆರೆಯ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಗೊಂಡಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಮೈಸೂರಿನ ಅರಸರು ಅಮೃತಮಹಲ್ ದನಗಳಿಗೆಂದು ಕಾಯ್ದಿರಿಸಿದ್ದ ಹುಲ್ಲುಗಾವಲುಗಳು ಇವು. ಸುತ್ತಣ ಊರುಗಳ ಕುರಿ ದನಗಳು ಮೇಯುತ್ತಿದ್ದ ಆ ಬಯಲಿಗೆ ಬೇಲಿ ಬಿದ್ದಾಗ ಗ್ರಾಮಸ್ಥರು ಹಸಿರು ನ್ಯಾಯಪೀಠದ ತನಕ ಹೋದುದೂ ಈ ಚರಿತ್ರೆಯ ಭಾಗವೇ. ಆ ನೋವನ್ನು ಬಿಟ್ಟು ಬರೆದರೆ ಇದು ಅರ್ಧ ಚರಿತ್ರೆಯಾದೀತು. ಆ ಪರೀಕ್ಷಾ ವಲಯದಲ್ಲಿ 2022ರ ಜುಲೈ 1ರಂದು ಮೊದಲು ಹಾರಿದ, ಬಾಲವಿಲ್ಲದ, ಬಾಣದ ಮೊನೆಯಂಥ ಚಾಲಕರಹಿತ ವಿಮಾನದ ಮೈ ನಮ್ಮಲ್ಲಿಯೇ ತಯಾರಾದ ಹಗುರ ಕಾರ್ಬನ್ ಕಾಂಪೋಸಿಟ್‌ನದು. ಆ ಮೈಯ ಆರೋಗ್ಯವನ್ನು ಹಾರಾಟದಲ್ಲಿಯೇ ಅರಿಯುವುದಕ್ಕಾಗಿ ಅದರ ಪದರಗಳೊಳಗೆ ಬೆಳಕಿನ ಎಳೆಗಳ ವ್ಯವಸ್ಥೆಯನ್ನೂ ಹುದುಗಿಸಿದ್ದಾರೆ. 2023ರ ಏಪ್ರಿಲ್ 2ರಂದು ಬೆಳಗ್ಗೆ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಡುಗಡೆಯಾದ ಇಸ್ರೋದ ಮರುಬಳಕೆಯ ನೌಕೆ ತಾನಾಗಿ ದಾರಿ ಹುಡುಕಿಕೊಂಡು ಇದೇ ಬಯಲಿನ ಓಡುದಾರಿಯ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಪುಷ್ಪಕ ಎಂಬ ಹೆಸರಿನಿಂದ ಇನ್ನೆರಡು ಸಲ ಇಳಿಯಿತು. ಅಲ್ಲಿ ಇನ್ನೂ ಉರಿಯಿಲ್ಲ. ಅದು ಇಳಿಯುವ ಅಭ್ಯಾಸ ಮಾತ್ರ. ಅಂತರಿಕ್ಷದಿಂದ ನಿಜವಾಗಿ ಮರಳುವ ದಿನ ಅಂಥ ನೌಕೆಯ ಮೂಗು ಕೆಂಡದಂತೆ ಹೊಳೆಯುತ್ತ ಬರಬೇಕಾದೀತು.

ವಿಮಾನದ ಕಾಂಪೋಸಿಟ್ ಹಲಗೆಯಲ್ಲಿ ಪದರ ಬಿಟ್ಟಿದೆಯೋ ಎಂದು ನೋಡಲು, ಅಷ್ಟೆಲ್ಲ ಉಪಕರಣಗಳಿರುವಲ್ಲಿಯೂ, ಪರಿಣತನೊಬ್ಬ ನಾಣ್ಯವೊಂದನ್ನು ಹಿಡಿದು ಮೈಯುದ್ದಕ್ಕೂ ತಟ್ಟುತ್ತ ಹೋಗುವುದು ಇಂದಿಗೂ ವಾಡಿಕೆಯಲ್ಲಿದೆ. ದನಿ ಮಂದವಾದಲ್ಲಿ ಸೀಮೆಸುಣ್ಣದ ಗುರುತು. ಕಳೆದ ಬೇಸಗೆಯಲ್ಲಿ ದುರ್ಗದ ಬೆಟ್ಟವನ್ನು ಹತ್ತಿದಾಗ ಬೆಣೆಯ ಕುಳಿಗಳನ್ನು ಸಾಲಾಗಿ ಕೊರೆದು ಸೀಳದೆ ಬಿಟ್ಟ ಬಂಡೆಯೊಂದರ ಬಳಿ ನಾನು ನಿಂತೆ. ಕೊರೆಯುವಷ್ಟು ದಿನ ದುಡಿದವನು ಕೊನೆಗೆ ಕೈಬಿಟ್ಟನೇಕೆ? ಬೆಟ್ಟದ ಕೆಳಗಿನಿಂದ ಆಯ್ದು ತಂದಿದ್ದ ಬೆಣಚುಕಲ್ಲಿನಿಂದ ಸಾಲಿನ ಒಂದು ಕಡೆ ತಟ್ಟಿದೆ, ಬಂಡೆ ತುಂಬಿದ ದನಿಯಿಂದ ಮರುನುಡಿಯಿತು. ಸಾಲಿನ ಇನ್ನೊಂದು ಕಡೆ, ಮೊಳದಷ್ಟು ಆಚೆಗೆ, ತಟ್ಟಿದೆ. ದನಿ ಬಿಸಿಲಿನಲ್ಲಿ ಅಲ್ಲಿಯೇ ಹೂತುಹೋಯಿತು.